ಕೋವಿಯ ಹಿಡಿ ಹೇಳುವ ಚರಿತ್ರೆ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳೆಯ ಮನೆಗಳಿಗೆ ನೀವು ಹೋಗಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ಕೆಲವು ಮನೆಗಳ ಜಗಲಿಯ ಗೋಡೆಯಲ್ಲಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ಎರಡು ಗೂಟಗಳು ಒಂದೇ ಸಾಲಿನಲ್ಲಿ ಇರುತ್ತವೆ. ಕೆಲವೆಡೆ ಗೂಟದ ಬದಲು ಕಡವೆಯ ಕೊಂಬು. ಈಗ ಅವುಗಳಿಗೆ ಕೊಡೆಯೋ ಕಂಬಳಿಯೋ ತೂಗುಹಾಕಿರುತ್ತಾರೆ. ಆದರೆ ಹಿರಿಯರು ಅವನ್ನು ಹೊಡೆಸಿದ್ದು ಕೊಡೆಗಾಗಿ ಅಲ್ಲ, ಮನೆಯ ಕೋವಿಗಾಗಿ.

ಆ ಕೋವಿ ಯಾವಾಗ ಬಂತು? ಯಾರ ಕೈಯಲ್ಲಿತ್ತು? ಈಗ ಎಲ್ಲಿಗೆ ಹೋಯಿತು? ಈ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಮನೆಯಲ್ಲಿ ಒಬ್ಬರಿಗಾದರೂ ಉತ್ತರ ಗೊತ್ತಿದ್ದರೆ ನೀವು ಅದೃಷ್ಟವಂತರು. ಕೋವಿಯ ವಿಷಯ ಮಾತನಾಡುವಾಗ ನಾವೆಲ್ಲ ಅದರ ನಳಿಗೆಯನ್ನೇ ನೋಡುತ್ತೇವೆ; ಸದ್ದು, ಹೊಗೆ, ಗುಂಡು ಬರುವುದು ಅಲ್ಲಿಂದಲೇ ತಾನೆ? ಇಂದು ಸ್ವಲ್ಪ ಬೇರೆ ರೀತಿಯಲ್ಲಿ, ಅದರ ಹಿಡಿಯ ಕಡೆಯಿಂದ ನೋಡೋಣ. ಮನುಷ್ಯನ ಕೈ ತಗುಲುವ ಭಾಗ ಹಿಡಿ. ಮನುಷ್ಯನ ಚರಿತ್ರೆ ಹೆಚ್ಚಾಗಿ ಉಳಿದಿರುವುದೂ ಅಲ್ಲಿಯೇ.

ಸಂಗ್ರಹಕಾರರು ಹಿಡಿಯನ್ನೇಕೆ ನೋಡುತ್ತಾರೆ?

ಹಳೆಯ ನಾಣ್ಯ, ಅಂಚೆಚೀಟಿಗಳನ್ನು ಸಂಗ್ರಹಿಸುವವರಂತೆ ಅಮೆರಿಕ, ಯೂರೋಪುಗಳಲ್ಲಿ ಹಳೆಯ ರಿವಾಲ್ವರುಗಳನ್ನು ಸಂಗ್ರಹಿಸುವವರೂ ಇದ್ದಾರೆ. ರಿವಾಲ್ವರ್ ಎಂದರೆ ಗುಂಡುಗಳನ್ನು ತುಂಬಿದ ಉರುಳೆ ಸುತ್ತುತ್ತಾ ಹೋಗುವ ಕೈಬಂದೂಕು. ಅಮೆರಿಕದ ಸ್ಯಾಮ್ಯುಯಲ್ ಕೋಲ್ಟ್ 1836ರಲ್ಲಿ ಅಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಮುಂದೆ ಸ್ಮಿತ್ ಅಂಡ್ ವೆಸ್ಸನ್ ಎಂಬ ಕಂಪನಿ ಬೇರೆ ಬೇರೆ ಗಾತ್ರದ ಚೌಕಟ್ಟುಗಳಲ್ಲಿ ರಿವಾಲ್ವರುಗಳನ್ನು ತಯಾರಿಸಿತು. ಅವುಗಳಲ್ಲಿ 1908ರಲ್ಲಿ ಹೊರಬಂದ ದೊಡ್ಡ ಚೌಕಟ್ಟಿಗೆ 'ಎನ್' ಚೌಕಟ್ಟು ಎಂಬ ಹೆಸರು ನಿಂತಿತು. ಅದೇ ಚೌಕಟ್ಟಿನಲ್ಲಿ 1935ರಲ್ಲಿ ಪಾಯಿಂಟ್ 357 ಮ್ಯಾಗ್ನಮ್ ಎಂಬ ಬಹು ಬಲದ ರಿವಾಲ್ವರ್ ಬಂತು. ಮೊದಲ ಕೆಲವು ವರ್ಷ ಇದನ್ನು ಗಿರಾಕಿಯ ಇಷ್ಟದಂತೆ ಒಂದೊಂದಾಗಿ ತಯಾರಿಸಿ, ನೋಂದಣಿ ಪತ್ರದೊಡನೆ ಕೊಡುತ್ತಿದ್ದರು.

ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ. ನ್ಯೂಟನ್ನನ ಮೂರನೆಯ ನಿಯಮದಂತೆ ಗುಂಡು ಮುಂದಕ್ಕೆ ಹಾರಿದರೆ ಆಯುಧ ಹಿಂದಕ್ಕೆ ಒದೆಯುತ್ತದೆ. ಗುಂಡಿನ ಬಲ ಹೆಚ್ಚಿದಷ್ಟೂ ಒದೆತವೂ ಹೆಚ್ಚು. ಆ ಒದೆತವನ್ನು ಅಂಗೈಯಲ್ಲಿ ಹಂಚುವುದೇ ಹಿಡಿಯ ಕೆಲಸ. ಕಾರ್ಖಾನೆಯ ಹಿಡಿ ಎಲ್ಲರ ಕೈಗೂ ಹೊಂದುವುದಿಲ್ಲ. ಆದ್ದರಿಂದ ಒಬ್ಬೊಬ್ಬರ ಕೈಗೆ ತಕ್ಕಂತೆ ಹಿಡಿ ಕಡೆದುಕೊಡುವ ಕುಶಲಕರ್ಮಿಗಳು ಹುಟ್ಟಿಕೊಂಡರು. ಆಕ್ರೋಟಿನ ಮರ, ಬೀಟೆ, ದಂತ, ಜಿಂಕೆಯ ಕೊಂಬು - ಇವೆಲ್ಲ ಹಿಡಿಗಳಾದವು. ಎರಡನೆಯ ಮಹಾಯುದ್ಧದ ಅಮೆರಿಕನ್ ಸೇನಾನಿ ಜಾರ್ಜ್ ಪ್ಯಾಟನ್ ದಂತದ ಹಿಡಿಯ ರಿವಾಲ್ವರುಗಳಿಂದಲೇ ಜನರ ನೆನಪಿನಲ್ಲಿ ಉಳಿದಿದ್ದಾನೆ.

ಸಂಗ್ರಹಕಾರರ ಒಂದು ಅಭ್ಯಾಸ ಚರಿತ್ರೆಯ ವಿದ್ಯಾರ್ಥಿಗಳಾದ ನಿಮಗೆ ಉಪಯೋಗಕ್ಕೆ ಬರುವಂಥದು. ಅವರು ಹಳೆಯ ರಿವಾಲ್ವರಿನ ಹಿಡಿಯ ಹಲಗೆಯನ್ನು ಕಳಚಿ ಅದರ ಒಳಮೈಯನ್ನು ನೋಡುತ್ತಾರೆ. ಹಿಂದಿನ ಕಾಲದಲ್ಲಿ ಆಯುಧದ ಕ್ರಮಸಂಖ್ಯೆಯನ್ನು ಅಲ್ಲಿ ಮುದ್ರೆಯೊತ್ತುತ್ತಿದ್ದರು ಇಲ್ಲವೇ ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಆ ಸಂಖ್ಯೆಯೂ ಲೋಹದ ಮೇಲಿನ ಸಂಖ್ಯೆಯೂ ಒಂದೇ ಆಗಿದ್ದರೆ ಹಿಡಿ ಮೂಲದ್ದೇ ಎಂದು ಅರ್ಥ. ಬೇರೆಯಾಗಿದ್ದರೆ ನಡುವೆ ಏನೋ ನಡೆದಿದೆ. ಶಾಸನದ ಕಲ್ಲನ್ನು ಪರೀಕ್ಷಿಸುವ ವಿದ್ವಾಂಸನೂ ಮಾಡುವುದು ಇದನ್ನೇ ಅಲ್ಲವೇ? ಬ್ರಿಟಿಷ್ ಸೈನ್ಯದ ವೆಬ್ಲಿ ರಿವಾಲ್ವರುಗಳ ಕಾಲವನ್ನು ಕೂಡ ಹಿಡಿಯಿಂದ ಊಹಿಸಬಹುದು. ಮೊದಲಿನವುಗಳ ಹಿಡಿಯ ತುದಿ ಹಕ್ಕಿಯ ಕೊಕ್ಕಿನಂತೆ ಬಾಗಿರುತ್ತದೆ; 1915ರಲ್ಲಿ ಬಂದ ಆರನೆಯ ಮಾದರಿಯಲ್ಲಿ ಅದು ಚೌಕವಾಯಿತು.

ಅಮೆರಿಕದ ಹಿಡಿ, ನಮ್ಮ ಕಾಡು

ಇದೆಲ್ಲ ಎಲ್ಲೋ ದೂರದ ಮಾತು ಎನಿಸಬಹುದು. ಆದರೆ ಆ ಹಿಡಿಗಳ ಸಾಮಗ್ರಿಯ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬೀಟೆ ನಮ್ಮ ಪಶ್ಚಿಮಘಟ್ಟದ ಮರ. ಕಪ್ಪು ಗೆರೆಗಳ ಆ ಗಟ್ಟಿ ಮರವನ್ನು ಜಗತ್ತೆಲ್ಲ 'ಭಾರತದ ರೋಸ್‌ವುಡ್' ಎಂದು ಕರೆದು ಪೀಠೋಪಕರಣಕ್ಕೆ, ಗಿಟಾರಿಗೆ, ಆಯುಧದ ಹಿಡಿಗೆ ಬಳಸಿತು. ಕೊಂಬಿನ ಹಿಡಿಗಳಿಗೆ ಬಹುವಾಗಿ ಬೇಕಾದದ್ದು ಭಾರತದ ಕಡವೆಯ ಕೊಂಬು. ಅದು ಒಳಗೆ ಗಟ್ಟಿ, ಹೊರಗೆ ಒರಟು, ಬೆವರಿದ ಕೈಯಿಂದಲೂ ಜಾರುವುದಿಲ್ಲ. ಕಡವೆ ಪ್ರತಿ ಸಲ ಕೊಂಬು ಉದುರಿಸಿ ಹೊಸದನ್ನು ಬೆಳೆಸುತ್ತದೆ. ಉದುರಿದ ಕೊಂಬನ್ನು ಆರಿಸಿ ರಫ್ತು ಮಾಡುವ ವ್ಯಾಪಾರ ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಆರಿಸಿದ್ದು ಯಾವುದು, ಕೊಂದು ತಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. 1998ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಬೀಟೆಯ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ 2017ರ ಜನವರಿಯಿಂದ ನಿಯಂತ್ರಣಕ್ಕೆ ಒಳಪಟ್ಟಿತು. ಏಷ್ಯದ ಆನೆಯ ದಂತದ ವ್ಯಾಪಾರಕ್ಕೆ 1975ರಲ್ಲಿಯೇ ಅಂತರರಾಷ್ಟ್ರೀಯ ತಡೆ ಬಿದ್ದಿತ್ತು.

ಒಂದು ಹಿಡಿಯ ಬೆಲೆಯಲ್ಲಿ ಕಾಡಿನ ಬೆಲೆಯೂ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ. ಅಂದ ಹಾಗೆ, ಜಗಲಿಯ ಗೋಡೆಯ ಕಡವೆಯ ಕೊಂಬನ್ನೂ ಇಂದು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದಕ್ಕೆ ಒಡೆತನದ ಪ್ರಮಾಣಪತ್ರ ಇರಬೇಕು.

ಕೋವಿ ನಮ್ಮ ನಾಡಿಗೆ ಬಂದ ದಾರಿ

ಹಿಡಿಯ ಸಾಮಗ್ರಿ ಇಲ್ಲಿಂದ ಹೋಯಿತು. ಕೋವಿ ಇಲ್ಲಿಗೆ ಬಂದದ್ದು ಹೇಗೆ? ನಮ್ಮ ಮಾತುಗಳೇ ಅದಕ್ಕೆ ಸಾಕ್ಷಿ ಹೇಳುತ್ತವೆ. 'ಕೋವಿ' ಎಂದರೆ ಮೂಲದಲ್ಲಿ ಕೊಳವೆ, ನಳಿಗೆ. ಇದು ನಮ್ಮದೇ ಪದ. 'ತುಪಾಕಿ' ತುರ್ಕಿಯಿಂದ ಬಂತು. 'ಬಂದೂಕು' ಅರಬ್ಬೀ, ಫಾರಸಿಗಳ ದಾರಿಯಲ್ಲಿ ಬಂತು. 'ಪಿಸ್ತೂಲು' ಯೂರೋಪಿನದು. 'ಕೇಪು' ಇಂಗ್ಲಿಷಿನದು. ಕೋವಿಯ ಬಡಿಯುವ ಭಾಗಕ್ಕೆ 'ಕುದುರೆ' ಎಂದು ಹೆಸರಿಟ್ಟವರು ಮಾತ್ರ ನಮ್ಮವರೇ. ಸಿಡಿಮದ್ದಿಗೂ ಔಷಧಿಗೂ ಒಂದೇ 'ಮದ್ದು' ಎಂಬ ಮಾತನ್ನು ಬಳಸಿದವರೂ ಅವರೇ. ಒಂದು ಆಯುಧದ ಸುತ್ತ ಇಷ್ಟು ದೇಶಗಳ ಮಾತು ಸೇರಬೇಕಾದರೆ ಎಷ್ಟು ಕೈಗಳನ್ನು ಅದು ದಾಟಿರಬೇಕು!

1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ಹೋರಾಡಿದ್ದು ನಿಮಗೆ ಗೊತ್ತಿರಬಹುದು. ವಿಜಯನಗರದ ನಂತರ ಮಲೆನಾಡನ್ನು ಆಳಿದವರು ಕೆಳದಿಯ ನಾಯಕರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದು, ಅಲ್ಲಿ ದೊಡ್ಡ ಆಯುಧ ಕಾರ್ಖಾನೆಯನ್ನು ನಡೆಸಿದ. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. 2018ರಲ್ಲಿ ಆ ಊರಿನ ಹಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್ಟುಗಳು ಹೊರಬಂದವು. ಅವು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು.

ಟಿಪ್ಪುವಿನ ಶ್ರೀರಂಗಪಟ್ಟಣದ ಕಮ್ಮಟದಲ್ಲಿ ತಯಾರಾದ ಕೋವಿಗಳೂ ಪಿಸ್ತೂಲುಗಳೂ ಇಂದು ಲೋಕದ ಹಲವು ಸಂಗ್ರಹಗಳಲ್ಲಿ ಇವೆ. ಅವುಗಳ ಮೇಲೆ ಹುಲಿಯ ತಲೆ, ಹುಲಿಯ ಪಟ್ಟೆ, ಟಿಪ್ಪುವಿನ ಮೌಲೂದಿ ಶಕೆಯ ವರ್ಷ ಕಾಣುತ್ತವೆ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಚಕಮಕಿಯ ಯಂತ್ರ ಬಲಕ್ಕೆ, ಇನ್ನೊಂದರದು ಎಡಕ್ಕೆ ಇರುವುದುಂಟು. ಎರಡೂ ಕೈಗಳನ್ನು ಯೋಚಿಸಿಯೇ ಮಾಡಿದಂತೆ. ಅಂದರೆ ಕೈಗೆ ತಕ್ಕ ಆಯುಧದ ಕಲ್ಪನೆ ಅಮೆರಿಕಕ್ಕಿಂತ ಮೊದಲು ಇಲ್ಲಿಯೂ ಇತ್ತು. ಇವುಗಳಲ್ಲಿ ಬಹುಪಾಲು ಹೊರದೇಶ ಸೇರಿದ್ದು 1799ರಲ್ಲಿ, ಶ್ರೀರಂಗಪಟ್ಟಣದ ಲೂಟಿಯ ಮೂಲಕ. ಪ್ರತಿಯೊಂದು ಸಂಗ್ರಹದ ಹಿಂದೆ 'ಇದು ಇಲ್ಲಿಗೆ ಹೇಗೆ ಬಂತು?' ಎಂಬ ಪ್ರಶ್ನೆಯೂ ಇರುತ್ತದೆ. ಅದನ್ನು ಕೇಳಲು ಹಿಂಜರಿಯಬೇಡಿ.

ಆಯುಧವಿಲ್ಲದವರ ಪಾಡೇನು ಎಂಬುದಕ್ಕೆ ಶೃಂಗೇರಿಯೇ ಉದಾಹರಣೆ. 1791ರಲ್ಲಿ ಮರಾಠಾ ದಂಡಿನ ಪಡೆಗಳು ಶೃಂಗೇರಿಯ ಮಠವನ್ನು ಕೊಳ್ಳೆ ಹೊಡೆದವು. ಆಗ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಬರೆದರು. ಅವನು ನೆರವು ಕಳಿಸಿದ. ಆ ಪತ್ರಗಳು ಮಠದಲ್ಲಿಯೇ ಉಳಿದು, 1916ರಲ್ಲಿ ಪ್ರಾಕ್ತನ ವಿದ್ವಾಂಸ ಆರ್. ನರಸಿಂಹಾಚಾರ್ಯರ ಗಮನಕ್ಕೆ ಬಂದವು. ಕೊಳ್ಳೆಗಾರರ ಕತ್ತಿ ಕೋವಿಗಳು ಎಲ್ಲಿ ಹೋದವೋ, ಕಾಗದ ಉಳಿಯಿತು. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಅಡಿಕೆ ತೋಟದ ಕೋವಿ

ಅರಸರ ಕೋವಿಯಿಂದ ರೈತರ ಕೋವಿಗೆ ಬರೋಣ. ಮಲೆನಾಡಿನವರು 'ಕೇಪಿನ ಕೋವಿ' ಎಂದು ಕರೆಯುವುದು ನಳಿಗೆಯ ಬಾಯಿಯಿಂದಲೇ ಮದ್ದು ತುಂಬುವ ಕೋವಿಯನ್ನು. ಮೊದಲು ಮದ್ದು ಸುರಿದು, ನಾರನ್ನು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಹಿಂದಿನ ಮೊಲೆಗೆ ತಾಮ್ರದ ಕೇಪು ತೊಡಿಸಬೇಕು. ಕುದುರೆ ಬಡಿದಾಗ ಕೇಪು ಸಿಡಿದು ಕಿಡಿ ಒಳಗೆ ಹೋಗುತ್ತದೆ. ಬಡಿದರೆ ಸಿಡಿಯುವ ಮದ್ದನ್ನು ಕೋವಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರ ಪಡೆದವನು ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಯೂರೋಪಿನ ಸೈನ್ಯಗಳು ಈ ಬಗೆಯ ಕೋವಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೈಬಿಟ್ಟವು. ಮಲೆನಾಡಿನ ತೋಟದಲ್ಲಿ ಅದು ಇಪ್ಪತ್ತನೆಯ ಶತಮಾನವನ್ನೂ ದಾಟಿ ಬಂತು.

ಏಕೆ? ಒಂದು ಕಾರಣ ಬಡತನ. ತೋಟೆ ಕೋವಿಗಿಂತ ಇದು ಅಗ್ಗ. ಇನ್ನೊಂದು ಕಾರಣ ಕಾನೂನು. 1878ರ ಆಯುಧ ಕಾಯಿದೆ ಬ್ರಿಟಿಷ್ ಭಾರತದ ಜನರ ಕೈಯಿಂದ ಆಯುಧ ಕಿತ್ತುಕೊಂಡಿತೆಂದು ಕಾಂಗ್ರೆಸ್ಸಿನ ನಾಯಕರು ಖಂಡಿಸಿದ್ದರು. ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯಿದೆ ಮಾಡಿತು. ಅದು 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ 13ನೆಯ ಕಲಮನ್ನು ಓದಿದರೆ ಒಂದು ಕುತೂಹಲದ ಭೇದ ಕಾಣುತ್ತದೆ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿ ಬೇಕೆಂದು ನಾಗರಿಕ ಕೇಳಿದರೆ, ತಕ್ಕ ಅಡ್ಡಿಗಳಿಲ್ಲದಿದ್ದಲ್ಲಿ ಪರವಾನಗಿ ಕೊಡಬೇಕು. ರಕ್ಷಣೆಗೋ ಕ್ರೀಡೆಗೋ ಕೇಳುವ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೋವಿಗೂ ಹಾಗೆಯೇ. ರಿವಾಲ್ವರಿನಂಥ ಇತರ ಆಯುಧಗಳಿಗಾದರೆ ಸರಿಯಾದ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು.

ಉದ್ದದ ಕೋವಿಗೆ ಒಂದು ನ್ಯಾಯ, ಗಿಡ್ಡದಕ್ಕೆ ಇನ್ನೊಂದು ಏಕೆ? ಯೋಚಿಸಿ ನೋಡಿ. ಗದ್ದೆಯ ಅಂಚಿನಲ್ಲಿ ಹೆಗಲ ಮೇಲೆ ಕೋವಿ ಇಟ್ಟು ಹೋಗುವವನನ್ನು ಊರೆಲ್ಲ ನೋಡುತ್ತದೆ. ರಿವಾಲ್ವರ್ ಅಂಗಿಯೊಳಗೆ ಅಡಗುತ್ತದೆ. ಅದೂ ಅಲ್ಲದೆ ಅದು ಹಂದಿಗೆಂದು ಹುಟ್ಟಿದ್ದಲ್ಲ; ಮನುಷ್ಯನಿಗೆ ಎದುರಾಗಿ ಮನುಷ್ಯ ಹಿಡಿಯಲೆಂದೇ ಹುಟ್ಟಿದ್ದು. ಇದ್ದ ಕೋವಿಯ ನಳಿಗೆಯನ್ನು ಅನುಮತಿಯಿಲ್ಲದೆ ಕತ್ತರಿಸಿ ಗಿಡ್ಡ ಮಾಡುವುದನ್ನೂ ಅದೇ ಕಾಯಿದೆ ನಿಷೇಧಿಸಿರುವುದು ಇದೇ ಕಾರಣಕ್ಕೆ. ನಮ್ಮ ತಾಲ್ಲೂಕುಗಳ ಗೋಡೆಯ ಗೂಟಗಳು ಅಷ್ಟು ದೂರ ದೂರ ಇರುವುದರ ಹಿಂದೆ ಈ ವಿವೇಚನೆಯೂ ಇದೆ ಎನ್ನಬಹುದು.

ನೆರೆಯ ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಕೊಪ್ಪ, ಶೃಂಗೇರಿಯ ರೈತನಿಗೆ ಆ ವಿನಾಯಿತಿ ಇಲ್ಲ. ಅವನ ಕೋವಿಗೆ ಒಂದು ಪರವಾನಗಿ ಪುಸ್ತಕ, ಅದಕ್ಕೆ ಕಾಲಕಾಲಕ್ಕೆ ನವೀಕರಣ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕೆಂಬ ಆದೇಶವೂ ಬರುವುದುಂಟು. ಅದೇ ಸಮಯಕ್ಕೆ ಮಂಗ, ಹಂದಿಗಳು ತೋಟಕ್ಕೆ ಬಂದರೆ ರೈತನ ಸಂಕಟ ಅವನಿಗೇ ಗೊತ್ತು.

ಈ ಸಂಕಟಕ್ಕೆ ಇನ್ನೊಂದು ಮುಖವೂ ಇದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಕಾದಂಬರಿಗಳನ್ನು ಓದಿದವರಿಗೆ ಆ ಕಾಲದಲ್ಲಿ ಬೇಟೆ ಎಷ್ಟು ಸಹಜವಾಗಿತ್ತೆಂಬುದು ತಿಳಿದಿದೆ. ಬೆಳೆ ಕಾಯುವ ಕೋವಿಯೇ ಬೇಟೆಯ ಕೋವಿಯೂ ಆಗಿತ್ತು. ಇಂದು ಶೃಂಗೇರಿಯ ಪಕ್ಕದಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ, ನರಸಿಂಹರಾಜಪುರದ ಪಕ್ಕದಲ್ಲಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಇವೆ. ಬೇಟೆ ಅಪರಾಧ. ಗಾಳಿಗೆ ಹೊಡೆದು ಹೆದರಿಸಲು ಕೋವಿ ಬೇಕು ಎನ್ನುವ ರೈತನ ಮಾತಿನಲ್ಲೂ ಸತ್ಯವಿದೆ. ಅದೇ ಕೋವಿಯಿಂದ ಕಾಡು ಬರಿದಾಯಿತು ಎನ್ನುವವರ ಮಾತಿನಲ್ಲೂ ಸತ್ಯವಿದೆ. ಚರಿತ್ರೆಯನ್ನು ಓದುವವರು ಎರಡನ್ನೂ ಕೇಳಿಸಿಕೊಳ್ಳಬೇಕು.

ನೀವು ಏನನ್ನು ಸಂಗ್ರಹಿಸಬಹುದು?

ಅಮೆರಿಕದವರಂತೆ ನಮ್ಮಲ್ಲಿ ಆಯುಧಗಳನ್ನು ರಾಶಿಹಾಕಿ ಸಂಗ್ರಹಿಸಲು ಬರುವುದಿಲ್ಲ. 1983ರ ತಿದ್ದುಪಡಿಯ ನಂತರ ಒಬ್ಬರಿಗೆ ಹೆಚ್ಚೆಂದರೆ ಮೂರು ಎಂಬ ಮಿತಿ ಬಂತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ದುರಸ್ತಿ ಮಾಡಿದರೂ ಸಿಡಿಯಲಾರದ, ಪುರಾತನ ಬೆಲೆಯ ಆಯುಧಗಳಿಗೆ ಕಾಯಿದೆಯ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಯಾವುದು ಅಂಥದು ಎಂದು ನಾವೇ ತೀರ್ಮಾನ ಮಾಡಿಕೊಳ್ಳುವುದು ತಪ್ಪು.

ಮನೆಯ ಹಿರಿಯರು ತೀರಿಕೊಂಡಾಗ ವಾರಸುದಾರರು ಹೊಸ ಪರವಾನಗಿ ಪಡೆಯಬೇಕು, ಇಲ್ಲವೇ ಕೋವಿಯನ್ನು ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ಮಕ್ಕಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮನೆಗಳಲ್ಲಿ ಎರಡನೆಯದೇ ಸುಲಭದ ದಾರಿ. ಅದು ಸರಿಯಾದ ದಾರಿಯೂ ಹೌದು. ಕೋವಿ ಹೋಗುವುದರಲ್ಲಿ ನಷ್ಟವಿಲ್ಲ. ಅದರೊಡನೆ ಅದರ ಕಥೆಯೂ ಹೋಗುವುದು ನಷ್ಟ. ಆ ಕಥೆಯನ್ನು ಉಳಿಸಿಕೊಳ್ಳಲು ಯಾವ ಪರವಾನಗಿಯೂ ಬೇಡ.

ಆದ್ದರಿಂದ ಒಂದು ನೋಟ್‌ಪುಸ್ತಕ ಹಿಡಿದು ಅಜ್ಜನ ಪಕ್ಕ ಕುಳಿತುಕೊಳ್ಳಿ. ಕೋವಿ ಯಾವ ವರ್ಷ ಬಂತು, ಎಷ್ಟು ಕೊಟ್ಟರು, ಮದ್ದು ಎಲ್ಲಿಂದ ತರುತ್ತಿದ್ದರು ಎಂದು ಕೇಳಿ. ಹಿಡಿ ಒಡೆದಾಗ ಯಾವ ಆಚಾರಿ, ಯಾವ ಮರದಲ್ಲಿ ಹೊಸದು ಮಾಡಿಕೊಟ್ಟ ಎಂದು ಕೇಳಿ. ಹಿಡಿಯಲ್ಲಿ ಕೆನ್ನೆ ತಗುಲಿ ನುಣುಪಾದ ಜಾಗ ಯಾವ ಕಡೆ ಇತ್ತು? ಎಡಗಡೆ ಇದ್ದರೆ ಬಲಗೈಯವರು ಹಿಡಿದದ್ದು, ಬಲಗಡೆ ಇದ್ದರೆ ಎಡಗೈಯವರು. ಅಜ್ಜಿಯನ್ನೂ ಮರೆಯದೆ ಕೇಳಿ. ಕೋವಿ ಮನೆಯಲ್ಲಿದ್ದ ರಾತ್ರಿಗಳು ಧೈರ್ಯದವೋ ಭಯದವೋ ಎಂಬುದನ್ನು ಅವರು ಹೇಳಿಯಾರು. ಹಳೆಯ ಪರವಾನಗಿ ಪುಸ್ತಕ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದರ ಮುದ್ರೆಗಳನ್ನು ಓದಿ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದು ಹೆಸರಿತ್ತು. ನರಸಿಂಹರಾಜಪುರ 1915ರವರೆಗೆ ಎಡೇಹಳ್ಳಿಯಾಗಿತ್ತು. ಒಂದು ಮುದ್ರೆಯ ಹೆಸರಿನಿಂದಲೇ ಕಾಗದದ ಕಾಲ ತಿಳಿಯಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ತಪ್ಪದೆ ಪಾಲಿಸಿ. ಹಳೆಯ ಕೋವಿಯನ್ನು ನೀವಾಗಿ ಮುಟ್ಟಬೇಡಿ, ಕಳಚಬೇಡಿ, ಆಟಕ್ಕೆಂದು ಗುರಿ ಹಿಡಿಯಬೇಡಿ. ಬಾಯಿಯಿಂದ ತುಂಬುವ ಕೋವಿಯಲ್ಲಿ ಮದ್ದು ಒಳಗಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಕರಿಮದ್ದು ಒಣಗಿ ಉಳಿದಿದ್ದರೆ ಹಲವು ದಶಕಗಳ ನಂತರವೂ ಸಿಡಿಯುವ ಶಕ್ತಿ ಅದಕ್ಕಿರುತ್ತದೆ. ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಅಂಥದೇನಾದರೂ ಕಂಡರೆ ಹಿರಿಯರಿಗೆ ಹೇಳಿ. ಅವರು ಠಾಣೆಗೆ ತಿಳಿಸಲಿ.

ಶೃಂಗೇರಿಯ ಪತ್ರಗಳ ಮಾತನ್ನು ನೆನಪಿನಲ್ಲಿಡಲು ಹೇಳಿದ್ದೆ. ಯಾರೋ ಜೋಪಾನವಾಗಿ ಇಟ್ಟದ್ದರಿಂದ ಅವು 125 ವರ್ಷಗಳ ನಂತರವೂ ಓದಲು ಸಿಕ್ಕವು. ನಿಮ್ಮ ನೋಟ್‌ಪುಸ್ತಕಕ್ಕೂ ಅಷ್ಟು ಆಯುಷ್ಯ ಬರಬಹುದು. ಮುಂದಿನ ಸಲ ಊರಿಗೆ ಹೋದಾಗ ಜಗಲಿಯ ಆ ಎರಡು ಗೂಟಗಳ ಕೆಳಗೆ ನಿಂತು ಮೊದಲ ಪ್ರಶ್ನೆಯನ್ನು ಕೇಳಿ. ಉತ್ತರ ಹೇಳಬಲ್ಲವರು ಇನ್ನೂ ಜಗಲಿಯಲ್ಲಿ ಕುಳಿತಿರುವಾಗಲೇ ಕೇಳಿ.